ಎಂಬತ್ತೊಂದು ಸಾವಿರ ಮಂದಿ

ನಿನ್ನೆ ರಾತ್ರಿ ಎಂಬತ್ತೊಂದು ಸಾವಿರ ದಾಟಿತು.
ಸೊಲ್ಲಾಪುರದ ಹೊಟಗಿ ರೋಡಿನ ತಗಡಿನ ಜಿಮ್ಮಿನ್ಯಾಗ
ನಾ ನೂರಾ ಎಂಬತ್ತು ಕಿಲೋ ಎತ್ತಿದ್ದು ನೋಡಿ
ಬ್ರೆಜಿಲ್ ದೇಶದಾಂವ ಒಬ್ಬ
ಮೂರು ಬೆಂಕಿ ಇಟ್ಟು ಹೋಗ್ಯಾನ.

ಮುಂಜಾನೆ ಮಾಲಕ ಬಂದ, ಬಾಡಿಗಿಗೆ.
ಫೋನ್ ತೋರಿಸಿದೆ. ಚಷ್ಮಾ ಏರಿಸಿ ನೋಡಿ
"ಇಷ್ಟು ಮಂದಿ! ತಲಿಗೊಂದು ರೂಪಾಯಿ ಇಸಗೊ" ಅಂದ.
ನಾ ನಕ್ಕೆ. ಅಂವ ನಗಲಿಲ್ಲ.

ಪ್ರೋಟೀನ್ ಕಂಪನಿಯವರು ಕಳಿಸಿದ್ದು
ಎರಡು ಡಬ್ಬಿ, ಒಂದು ಬನಿಯನ್.
ಬನಿಯನ್ ನನ್ನ ಎದಿಗೆ ಸಣ್ಣದಾತು.

ನಾಕಕ್ಕ ಬರತಾಳ ನರಸವ್ವ ಮಾವಶಿ.
ನಲವತ್ತು ವರ್ಷ ಬೀಡಿ ಕಟ್ಟಿ
ಮುಂದ ಬಾಗಿದ ಕುತ್ತಿಗಿ ಹಿಂದ ಬರವಲ್ದು.
ಗ್ವಾಡಿಗೆ ಬೆನ್ನು ಹಚ್ಚಿ ನಿಲ್ಲಸ್ತೀನಿ.
ಗ್ವಾಡಿಗೂ ತಲಿಗೂ ನಡುವ ಮೊದಲ ನಾಕು ಬೆರಳು,
ಈಗ ಎರಡೂವರಿ.
ಒಮ್ಮೆ ರೀಲ್ ತೆಗೆಯಾಕ ಹೋದೆ.
"ಒಳಗಿಡೋ ಅದನ್ನ, ಸೆರಗು ಜಾರೈತಿ" ಅಂದ್ಲು.

ಈ ತಿಂಗಳು ತನ್ನ ಕಾರ್ಖಾನಿಯಿಂದ
ಒಂಬತ್ತು ಹೆಂಗಸರನ್ನ ಕರಕೊಂಡು ಬಂದಾಳ.
ಗಂಟು ಬಿಚ್ಚಿ ಕೊಟ್ಟ ನೋಟೆಲ್ಲಾ
ತಂಬಾಕಿನ ಘಾಟು.
ಎಣಿಸಿ, ಮಾಲಕನ ಅಂಗೈಯಾಗ ಇಟ್ಟೆ.

ಅಂವ ಎರಡು ಸಲ ಸೀನಿದ.