ಒಣಗಿದಂತೆ ಕಾಣುವುದು

ಹನ್ನೊಂದು ದಿನ ನಿಂತ ನೀರು
ಹನ್ನೆರಡನೆಯ ದಿನ ಝಾಂಬೆಜಿಯ ಕಡೆ ಇಳಿದುಹೋಯಿತು,
ಬಾಡಿಗೆಮನೆ ಬಿಟ್ಟವರಂತೆ, ಕಸ ಗುಡಿಸದೆ.

ರನ್‌ವೇ ಮೇಲೆ ಉಳಿದದ್ದು:
ಒಂಟಿ ಚಪ್ಪಲಿ, ಜೊಂಡಿನ ಜಡೆ,
ಬಿಳಿ ಬಣ್ಣದ ಹದಿನೆಂಟರಲ್ಲಿ
ಎಂಟರ ಹೊಟ್ಟೆಯೊಳಗೆ ಮಲಗಿದ ಮೀಸೆಮೀನು.
ಮೊನ್ನೆಯವರೆಗೂ ಹುಡುಗರು ಇಲ್ಲೇ ಬಲೆ ಬೀಸಿದ್ದರು,
ದೋಣಿಯಿಂದ ಬಗ್ಗಿ
ತಳದ ನಡುಗೆರೆಯನ್ನು ಓದುತ್ತ.

ಈಗ ಬಿಸಿಲು. ತೊಳೆದ ಬಾಣಲೆಯಂತೆ ಡಾಂಬರು.
ಬೇಲಿಯಾಚೆ ಊರಿಗೆ ಊರೇ ನಿಂತಿದೆ
ಖಾಲಿ ಬೋಗುಣಿ ಹೊತ್ತು:
ಬೈರಾದಿಂದ ವಿಮಾನ ಬರುತ್ತದಂತೆ,
ಜೋಳದ ಹಿಟ್ಟು, ಓಆರ್‌ಎಸ್ ಪೊಟ್ಟಣ, ಸೊಳ್ಳೆಪರದೆ.

ಝೆಫೆರಿನೊ ಸಲಾಕೆ ಹಿಡಿದು ನಡೆಯುತ್ತಾನೆ
ಹತ್ತು ಹೆಜ್ಜೆಗೊಂದು ಕುಟ್ಟು. ಟಣ್.
ಟಣ್.
ಟಣ್.
ದೊಬ್.
ನಿಲ್ಲುತ್ತಾನೆ. ಮಂಡಿಯೂರಿ ಕಿವಿ ಹಚ್ಚುತ್ತಾನೆ
ಕಲ್ಲಂಗಡಿ ಕೊಳ್ಳುವವನು ಬೆರಳು ಮಡಚಿ ಕೇಳುವ ಹಾಗೆ.

ಇಪ್ಪತ್ತಾರು ವರ್ಷ ಈ ಪಟ್ಟಿಯಂಚಿನ ಹುಲ್ಲು ಕತ್ತರಿಸಿದವನು,
ಮೇಕೆ ಅಟ್ಟಿದವನು, ಇದನ್ನು ಹಾಕುವಾಗ
ಕೆಳಗೆ ಸುರಿದ ಮರಳು, ಗರಸು, ಜಲ್ಲಿ
ಎಲ್ಲೆಲ್ಲಿ ಎಷ್ಟೆಷ್ಟು ಪುಟ್ಟಿ ಕಡಿಮೆಯಾಗಿತ್ತೆಂದು ಬಲ್ಲವನು.
'ಮೇಲಿನದು ಹೋಗಿದೆ ಅಷ್ಟೆ,' ಅನ್ನುತ್ತಾನೆ,
'ಒಳಗಿನದು ಹೋಗಿಲ್ಲ. ಗರಸು ಗಂಜಿಯಾಗಿದೆ.
ಜಲ್ಲಿ ಡಾಂಬರಿನ ಕೈ ಬಿಟ್ಟಿದೆ.'
ಆಡಳಿತಾಧಿಕಾರಿ ಬೂಟಿನ ಹಿಮ್ಮಡಿಯಲ್ಲಿ ಗುದ್ದಿ ನೋಡುತ್ತಾನೆ.
'ಕಲ್ಲಿನಂತಿದೆಯಲ್ಲ ಮಾರಾಯ.'
'ಹೌದು ಸರ್, ಕಲ್ಲಿನಂತಿದೆ. ನೀವು ಎಪ್ಪತ್ತು ಕಿಲೊ.'

ಆಗ ಸದ್ದು. ಮೋಡದಿಂದ ನೊಣದಷ್ಟು,
ಆಮೇಲೆ ಹದ್ದಿನಷ್ಟು.
ಬೇಲಿಯಾಚೆ ಬೋಗುಣಿಗಳೆಲ್ಲ ಒಟ್ಟಿಗೆ ಮಿಂಚಿದವು.
ರೇಡಿಯೊ ನೆರೆಯಲ್ಲೇ ಸತ್ತಿತ್ತು.
ಹೆಂಡತಿಯ ಹೆಗಲಿಂದ ಕೆಂಪು ಕಪುಲಾನ ಬಟ್ಟೆ ಎಳೆದುಕೊಂಡು
ಝೆಫೆರಿನೊ ನಟ್ಟನಡುವೆ ನಿಂತ.
ಬಾ ಎಂದೇ ಬೀಸಿ ರೂಢಿಯಾದ ತೋಳು
ಮೊದಲ ಸಲ ಬೇಡ ಎಂದು ಬೀಸಿತು.
ಮನೆಯಲ್ಲಿ ಮೊಮ್ಮಗಳು ಬರ್ನಾರ್ದಾ
ಮೂರು ದಿನದ ಭೇದಿಗೆ ಕಣ್ಣು ಗುಳಿಬಿದ್ದು ಮಲಗಿದ್ದಳು;
ಆ ಪೊಟ್ಟಣ ಅವಳಿಗೂ ಬೇಕಿತ್ತು.

ರೆಕ್ಕೆ ಒಮ್ಮೆ ವಾಲಿತು. ನೆರಳು
ಡಾಂಬರನ್ನು ಒರೆಸಿಕೊಂಡು ಹೋಯಿತು.
ಯಾರೋ ಹೆಂಟೆ ಎಸೆದರು. ತಾಗಿತು.
ಭುಜ ಕೊಡವಿಕೊಂಡ.

ಸಂಜೆ, ಹಟಕ್ಕೆ ಬಿದ್ದು,
ಸಕ್ಕರೆ ಕಾರ್ಖಾನೆಯ ಲಾರಿ ತಂದರು, ಅರ್ಧ ಹೊರೆ ಕಬ್ಬು.
ಮೊದಲ ಗೆರೆ ದಾಟಿತು, ಎರಡನೆಯದೂ ದಾಟಿತು, ಕೇಕೆ ಎದ್ದಿತು.
ದೊಬ್ ಅಂದಿದ್ದ ಜಾಗದಲ್ಲಿ
ಬಿರುಕಿನಿಂದ ಚಿಮ್ಮಿತು ಹಾಲಿನಂಥ ಕೆಸರು,
ಒಂದು ಸಲ, ಇನ್ನೊಂದು ಸಲ,
ಕಪ್ಪು ಸಿಪ್ಪೆ ಹಪ್ಪಳದಂತೆ ಮುರಿದು
ಹಿಂದಿನ ಗಾಲಿ ಅಚ್ಚಿನವರೆಗೆ ಇಳಿಯಿತು.

ಯಾರೂ ಮಾತಾಡಲಿಲ್ಲ.
ಅಧಿಕಾರಿ ತನ್ನ ಬೂಟು ನೋಡಿಕೊಂಡ.
ಇದನ್ನು ನೋಡಲು ಝೆಫೆರಿನೊ ಬಂದಿರಲಿಲ್ಲ.
ದೋಣಿ ಕೇಳಲು ನದಿಯ ದಡಕ್ಕೆ ಹೋಗಿದ್ದ,
ಬೆನ್ನಿಗೆ ಬಿಗಿದ ಅದೇ ಕೆಂಪು ಬಟ್ಟೆ,
ಅದರೊಳಗೆ ಬರ್ನಾರ್ದಾ.