ಮಗ್ಗುಲು

ಇಪ್ಪತ್ಮೂರನೇ ದಿನ ಬಲ್ಬು ಆರಿಸಿದೆ.
ಥರ್ಮೋಕೋಲ್ ಪೆಟ್ಟಿಗೆಯಿಂದ ಬರುತ್ತಿದ್ದ ವಾಸನೆ
ನನಗೂ ಗೊತ್ತು, ಪಕ್ಕದ ಕ್ವಾರ್ಟರ್ಸಿನವರಿಗೂ ಗೊತ್ತು.

ಇಟ್ಟಿದ್ದು ಇಪ್ಪತ್ನಾಲ್ಕು.
ಬಕೆಟ್ಟಿನಲ್ಲಿ ಚಿಯ್‌ಗುಟ್ಟುತ್ತಿರುವುದು ಐದು.
ಉಳಿದ ಹತ್ತೊಂಬತ್ತನ್ನು ಮೊರದಲ್ಲಿ ಹಾಕಿಕೊಂಡು
ಹಿತ್ತಿಲಿಗೆ ಬಂದೆ, ಹಳೇ ಚಮಚ ಹಿಡಿದು.
ಬೀರೂರಿನಲ್ಲಿ ಹೀಗೆ ಮಾಡಿದವರನ್ನು ನಾನು ಕಂಡಿಲ್ಲ.
ಸತ್ತದ್ದನ್ನು ತಿಪ್ಪೆಗೆಸೆದು ಕೈ ತೊಳೆಯುತ್ತಾರೆ,
ದೃಷ್ಟಿಯಾಯಿತು ಅನ್ನುತ್ತಾರೆ.
ನನಗೆ ಯಾವ ದಿನ ಅಂತ ಬೇಕಿತ್ತು.

ಮೊದಲ ನಾಲ್ಕರಲ್ಲಿ ಏನೂ ಇಲ್ಲ.
ಹಳದಿ ಹಳದಿಯಾಗೇ ಇದೆ, ಬಿಳಿ ನೀರಾಗಿದೆ.
ಇವು ಸತ್ತವಲ್ಲ, ಶುರುವೇ ಆಗದವು.
ಯಗಟಿಯ ಹಾಲಮ್ಮನ ಹುಂಜಕ್ಕೆ ವಯಸ್ಸಾಗಿದೆ,
ಅದೀಗ ಕೂಗುವುದಕ್ಕೆ ಮಾತ್ರ.
ಅವಳಿಗೆ ಇದನ್ನು ಹೇಗೆ ಹೇಳುವುದೋ!

ಆಮೇಲಿನ ಮೂರರಲ್ಲಿ ಕೆಂಪು ಉಂಗುರ,
ಕಾಜ ಹೊಲಿಯುವ ದಾರದಷ್ಟು ತೆಳು.
ಬೆರಳು ಮಡಿಸಿ ಎಣಿಸಿದೆ: ನಾಲ್ಕನೇ ರಾತ್ರಿ,
ಟ್ರಾನ್ಸ್‌ಫಾರ್ಮರ್ ಢಮ್ಮೆಂದ ರಾತ್ರಿ.
ಮೆಸ್ಕಾಂನವರು ಬಂದದ್ದು ಬೆಳಗಿನ ಜಾವ ಐದಕ್ಕೆ.
ಅಲ್ಲೀತನಕ ಕಂಬಳಿ ಹೊದಿಸಿ
ಬಿಸಿನೀರಿನ ಬಾಟಲಿ ಬದಲಿಸುತ್ತ ಕೂತಿದ್ದೆ.
ಉಳಿದವು ತಡೆದುಕೊಂಡವು. ಇವು ಮೂರು ಇಲ್ಲ.

ಐದರಲ್ಲಿ ಪೂರ್ತಿ ಮರಿ, ಪುಕ್ಕ ಸಮೇತ,
ತಲೆ ಮಾತ್ರ ಚೂಪು ತುದಿಗೆ.
ಉಸಿರಿನ ಕೋಣೆ ಇರುವುದು ದುಂಡು ತುದಿಯಲ್ಲಿ,
ಇವು ಬಾಗಿಲಿಲ್ಲದ ಗೋಡೆಯನ್ನು ಕುಟ್ಟಿವೆ.
ಚೂಪನ್ನು ಮೇಲಕ್ಕೆ ಮಾಡಿ ಇಟ್ಟವಳು ನಾನೇ ಇರಬೇಕು,
ಇಡುವಾಗ ಫೋನಿನಲ್ಲಿ ತಂಗಿಯ ಜೊತೆ ಜಗಳವಾಡುತ್ತಿದ್ದೆ.

ಒಂದು, ಕೊಕ್ಕು ಹೊರಗೆ ಹಾಕಿ ಸತ್ತದ್ದು.
ಮೊದಲ ಚಿಪ್ಪು ಬಿರಿದ ದಿನ ಮುಚ್ಚಳ ತೆಗೆದು ತೆಗೆದು
ಟಿಕೆಟ್ ಕಲೆಕ್ಟರನ ಹೆಂಡತಿಗೆ ತೋರಿಸಿದೆ,
ಹಾಲಿನವನಿಗೆ ತೋರಿಸಿದೆ,
ಮೀಟರ್ ಓದಲು ಬಂದ ಹುಡುಗನಿಗೂ.
ಒಳಗಿನ ಆವಿಯೆಲ್ಲ ಅವರ ಮುಖಕ್ಕೆ ಹೋಯಿತು.
ಪೊರೆ ಒಣಗಿ, ಗಂಜಿ ಹಾಕಿದ ಬಟ್ಟೆಯಾಗಿ,
ಮರಿಯನ್ನು ಬಿಗಿದಿತ್ತು.
ಇದಕ್ಕೆ ಲೆಕ್ಕ ಬೇಕಾಗಲಿಲ್ಲ.

ಆರು ಉಳಿದವು. ತಿಳಿಯಲಿಲ್ಲ.
ಮರಿ ಅರ್ಧ ಬೆಳೆದು
ಒಂದು ಪಕ್ಕೆಯಿಂದ ಚಿಪ್ಪಿಗೆ ಅಂಟಿಕೊಂಡಿದೆ.
ಬಿಡಿಸಿದರೆ ಚರ್ಮ ಬರುತ್ತದೆ.
ಪೆನ್ಸಿಲ್ಲಿನಲ್ಲಿ ನಾನೇ ಬರೆದಿದ್ದೆ,
ಒಂದು ಕಡೆ ಗುಣಾಕಾರ, ಇನ್ನೊಂದು ಕಡೆ ಸೊನ್ನೆ.
ಆರೂ ಅಂಟಿದ್ದು ಸೊನ್ನೆಯ ಕಡೆಗೇ.

ತಿರುಗಿಸಲಿಲ್ಲವೇ? ತಿರುಗಿಸಿದ್ದೇವೆ.
ರಾತ್ರಿ ಪಾಳಿ ಮುಗಿಸಿ ಬಂದು ಎಂಟೂವರೆಗೆ ಜುಂಜಪ್ಪ,
ಮಧ್ಯಾಹ್ನ ಒಂದಕ್ಕೆ, ಉಂಡ ಕೈ ತೊಳೆದು, ನಾನು.
ಒಂದು ದಿನ ತಪ್ಪಿಲ್ಲ.
ಕ್ಯಾಲೆಂಡರಿನಲ್ಲಿ ಗೀಟು ಇವೆ, ಎರಡೆರಡು.

ಅವನು ಬಂದು ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತ.
ಗೀಟು ನೋಡಿದ, ಸೊನ್ನೆ ನೋಡಿದ.
ಬಲಗೈ ಗಾಳಿಯಲ್ಲಿ ಸನ್ನೆ ಎಳೆಯಿತು, ಮತ್ತೆ ದೂಡಿತು,
ಯಾರ್ಡಿನಲ್ಲಿ ಮಾಡುವ ಹಾಗೆ.
‘ಪಾಯಿಂಟ್ನ ಎರಡು ಸಲ ಎಳದ್ರೆ ಏನಾಯ್ತದೆ?
ಶಿವಮೊಗ್ಗಕ್ಕೆ ಹೋಗ್ಬೇಕಾದ ಗಾಡಿ
ಮತ್ತೆ ಹುಬ್ಬಳ್ಳಿ ಲೈನಿಗೇ ಬತ್ತದೆ ಕಣೆ.’

ಹದಿನೆಂಟು ರಾತ್ರಿ, ಅದೇ ಮಗ್ಗುಲು.
ಮಧ್ಯಾಹ್ನ ಒಂದರಿಂದ ಮರುದಿನದ ಎಂಟೂವರೆವರೆಗೆ
ಸೊನ್ನೆಯೇ ಮೇಲೆ.
ಒಂದು ದಿನ, ಒಂದೇ ಒಂದು ದಿನ
ಇಬ್ಬರಲ್ಲೊಬ್ಬರು ಸೋಮಾರಿಯಾಗಿದ್ದರೆ
ಲೆಕ್ಕ ತಲೆಕೆಳಗಾಗಿ
ಇವು ಬದುಕುತ್ತಿದ್ದವೋ ಏನೋ.
ನಗು ಬಂತು. ಅವನಿಗೂ.
ಆಮೇಲೆ ಗುಂಡಿ ತೋಡಿ, ಮೊರ ಬಗ್ಗಿಸಿ, ಮಣ್ಣೆಳೆದೆವು.

ಈಗ ಮತ್ತೆ ಇಪ್ಪತ್ತಿಟ್ಟಿದ್ದೇನೆ.
ದುಂಡು ತುದಿ ಮೇಲೆ, ಫೋನು ಅಡುಗೆಮನೆಯಲ್ಲಿ.
ಮೂರನೇ ಗೀಟು ರಾತ್ರಿ ಹನ್ನೊಂದಕ್ಕೆ:
ಗೂಡ್ಸು ಬರುವ ಮುಂಚೆ ಅವನು ಅಲ್ಲಿ ಎಳೆಯುತ್ತಾನೆ,
ಕಬ್ಬಿಣ ಕಿರ್ರೆನ್ನುವುದು ಇಲ್ಲಿಗೆ ಕೇಳುತ್ತದೆ,
ನಾನು ಇಲ್ಲಿ ತಿರುಗಿಸುತ್ತೇನೆ.
ಇವತ್ತು ಗುಣಾಕಾರ ಮಲಗುತ್ತದೆ, ನಾಳೆ ಸೊನ್ನೆ.

ಮೀಟರಿನ ಹುಡುಗ ಮೊನ್ನೆ ಬಂದಿದ್ದ.
ಪೆಟ್ಟಿಗೆಯಲ್ಲಿ ಏನಕ್ಕಾ ಅಂದ.
ಅಕ್ಕಿ ಅಂದೆ.