ಹಲಗೆಯ ಕೆಳಗಿನ ತೊಟ್ಟಿ

ಲಿಂಗರಾಜಪುರದ ಫ್ಲೈಓವರ್ ಇಳಿದರೆ
ಇಸ್ತ್ರಿ ಅಂಗಡಿಯ ಪಕ್ಕ ನಮ್ಮ ಸಭಾಮನೆ.
ಬೀಗದ ಕೈ ನನ್ನ ಸೊಂಟದಲ್ಲಿದೆ, ಹದಿನಾರು ವರ್ಷದಿಂದ.
ವೇದಿಕೆಯ ಹಲಗೆ ಎತ್ತಿದರೆ ಕೆಳಗೆ ತೊಟ್ಟಿ,
ನೀಲಿ ಬಳಿದದ್ದು, ಎದೆಯಾಳ.
ಅದರಲ್ಲಿ ಮುಳುಗಿ ಎದ್ದವಳೇ ನಾನೂ,
ಉಸಿರು ಹಿಡಿಯಲು ಮರೆತು, ಕೆಮ್ಮುತ್ತಾ.

ಬುಧವಾರ ರತ್ನಕುಮಾರಿ ಅಕ್ಕ,
ಚಿತ್ತೂರಿನ ಕಡೆಯವರು, ಲೆಕ್ಕದ ಟೀಚರಾಗಿದ್ದವರು.
ಇಂಜಿನಿಯರಿಂಗ್ ಮಕ್ಕಳು, ನರ್ಸಿಂಗ್ ಮಕ್ಕಳು, ಸಾಲಾಗಿ.
ಒಂದು ಅಧ್ಯಾಯ, ಹನ್ನೆರಡು ಪ್ರಶ್ನೆ,
ಕೆಂಪು ಪೆನ್ಸಿಲ್, ಹಾಜರಿ ಪುಸ್ತಕ.
ತಡವಾಗಿ ಬಂದವರಿಗೆ ಬೈಗುಳವಿಲ್ಲ,
ಕನ್ನಡಕದ ಮೇಲಿಂದ ಒಂದು ನೋಟ.
ಹತ್ತು ಪಾಠ ಮುಗಿಯದೆ ದೀಕ್ಷಾಸ್ನಾನದ ಮಾತಿಲ್ಲ.

ಶುಕ್ರವಾರ ಇಮ್ಲಿಬೆನ್ಲಾ.
ಮೊಕೊಕ್‌ಚುಂಗ್ ಬಿಟ್ಟು ಒಂಬತ್ತು ವರ್ಷವಾಯಿತು,
ಕನ್ನಡದಲ್ಲಿ ಚೌಕಾಸಿ ಮಾಡುತ್ತಾಳೆ ನನಗಿಂತ ಚೆನ್ನಾಗಿ.
ಅವಳಲ್ಲಿ ಪಾತ್ರೆ ಮೊದಲು, ಪುಸ್ತಕ ಆಮೇಲೆ.
ನಾವು ಕಳಲೆ ಅನ್ನುತ್ತೇವಲ್ಲ, ಅದನ್ನೇ ಹುಳಿ ಬರಿಸಿ ಕುದಿಸಿದರೆ
ಇಸ್ತ್ರಿಯಾದ ಅಂಗಿಗೂ ಅಂಟುವ ವಾಸನೆ.
ಪಿಳ್ಳಪ್ಪ ಮೂರು ಸಲ ಜಗಳಕ್ಕೆ ಬಂದ,
ನಾಲ್ಕನೇ ಸಲ ತಟ್ಟೆ ಹಿಡಿದು ಬಂದ.
'ನೀನು ಯಾವ ದೇಶ?' ಎಂದು ವಾರವಿಡೀ ಕೇಳಿಸಿಕೊಂಡ ಮಕ್ಕಳು
ಅಲ್ಲಿ ನಾಲ್ಕು ಸ್ವರದಲ್ಲಿ ಹಾಡುತ್ತಾರೆ.
ಬೇಕೆಂದವರಿಗೆ ತೊಟ್ಟಿ ಇವತ್ತೇ, ಈಗಲೇ,
ನೀರಿದ್ದರೆ.

ನೀರಿರಬೇಕಲ್ಲ.
ಬೋರ್‌ವೆಲ್ ಬತ್ತಿದ ಮಾರ್ಚ್ ತಿಂಗಳು,
ಟ್ಯಾಂಕರಿನವನ ರೇಟು ಕೇಳಿ ಕೂತುಬಿಟ್ಟೆ.
ಇಬ್ಬರ ಡಬ್ಬಿಯನ್ನೂ ಸುರಿದು ಎಣಿಸಿದರೆ
ಒಂದೇ ಲೋಡು. ಒಂದೇ ಭಾನುವಾರ.

ಅಷ್ಟು ವರ್ಷ ಒಂದೇ ಪೊರಕೆ ಬಳಸಿದವರು
ಎದುರುಬದುರು ಕೂತದ್ದಿಲ್ಲ.
'ಆಯಮ್ಮ ದೇವರಿಗೂ ಪರೀಕ್ಷೆ ಇಡ್ತಾರೆ' ಎಂದು ಇವಳು,
'ಆ ಹುಡುಗಿ ಮೆಸ್ ನಡೆಸ್ತಾಳೆ' ಎಂದು ಅವರು.
ಎರಡಕ್ಕೂ ತಲೆಯಾಡಿಸಿದ್ದೆ ನಾನು.
ಸುಳ್ಳೇಕೆ, ಒಳಗೊಳಗೇ ನಕ್ಕಿದ್ದೆ ಕೂಡ.

ಅವತ್ತು ಟ್ಯಾಂಕರ್ ಕಾಯುತ್ತಾ ಇಬ್ಬರೂ ಮೆಟ್ಟಿಲ ಮೇಲೆ.
ಅಕ್ಕ ಹಾಜರಿ ಪುಸ್ತಕ ಬಿಡಿಸಿ ಬೆರಳಿಟ್ಟರು:
'ಈ ದಯಾಸಾಗರ, ಕೆಜಿಎಫ್ ಹುಡುಗ,
ಒಂಬತ್ತು ಪಾಠ ಮುಗಿಸಿದ್ದ. ಮೂರು ವಾರದಿಂದ ಪತ್ತೆಯಿಲ್ಲ.'
'ನಮ್ಮಲ್ಲಿ ಬರ್ತಾನೆ,' ಎಂದಳು ಇಮ್ಲಿ.
'ಮಾತಿಲ್ಲ. ಎರಡೆರಡು ಸಲ ಬಡಿಸಿಕೊಳ್ತಾನೆ.
ಹಾಸ್ಟೆಲಿಗೆ ದುಡ್ಡು ಕಟ್ಟಿಲ್ಲ ಅನ್ನಿಸುತ್ತೆ.'

ಅಕ್ಕ ಪೆನ್ಸಿಲ್ ಕೆಳಗಿಟ್ಟರು.
ಬಸ್ಸುಗಳು ಹೋದವು, ಎಷ್ಟೋ.
'ಒಂಬತ್ತು ಪಾಠ,' ಎಂದರು.
'ಊಟ ಆಯ್ತಾ ಅಂತ ಒಂದು ಸಲ ಕೇಳಲಿಲ್ಲ ನಾನು.'

ಇಮ್ಲಿ ಪುಸ್ತಕವನ್ನು ಮಡಿಲಿಗೆಳೆದುಕೊಂಡಳು:
'ನನಗೂ ಇಂಥದ್ದೊಂದು ಬೇಕು ಅಕ್ಕಾ.
ಹೋದ ಜೂನಿನಲ್ಲಿ ಒಬ್ಬಳು ಬರೋದು ನಿಲ್ಲಿಸಿದಳು.
ಅರವತ್ತು ತಟ್ಟೆಯಲ್ಲಿ ಒಂದು ಕಮ್ಮಿಯಾದದ್ದು
ನನಗೆ ತಿಳಿದದ್ದು ಆಗಸ್ಟಿಗೆ. ಅವಳ ಹೆಸರೂ...'
ಮುಂದೆ ಹೇಳಲಿಲ್ಲ.
ಹಾರ್ನ್ ಕೇಳಿಸಿತು. ಪೈಪು ಹಿಡಿಯಲು ಎದ್ದೆವು.

ಎಲ್ಲ ಸರಿಹೋಯಿತೆಂದು ಬರೆಯಲಾರೆ.
ಎಷ್ಟು ಪಾಠ ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ.
ಗಿಟಾರ್ ಎಂದರೆ ಅಕ್ಕನಿಗೆ ತಲೆನೋವು.
ಇಮ್ಲಿಯ ಹಾಜರಿ ಪುಸ್ತಕದ ತುಂಬ ಎಣ್ಣೆ ಕಲೆ.
ಬುಧವಾರ ಈಗ ಚಿತ್ರಾನ್ನವುಂಟು,
ಲೆಕ್ಕ ಬಲ್ಲ ಕೈಗೆ ಉಪ್ಪಿನ ಲೆಕ್ಕ ಹತ್ತಿಲ್ಲ.

ಆ ಭಾನುವಾರ ಐವರು ಮುಳುಗಿ ಎದ್ದರು.
ದಯಾಸಾಗರ ಇಳಿಯಲಿಲ್ಲ, ಕೊನೆಯ ಬೆಂಚಿನಲ್ಲಿ ಕೂತಿದ್ದ.
ಅಕ್ಕ ಪಕ್ಕದಲ್ಲಿ ಹೋಗಿ ಕೂತರು, ಪುಸ್ತಕವಿಲ್ಲದೆ.
ಎಲ್ಲರೂ ಹೋದಮೇಲೆ ಬಕೆಟ್ ಹಿಡಿದು ಬಂದ.
ಉಳಿದ ನೀರನ್ನು ಇಬ್ಬರೂ ಮೊಗೆಮೊಗೆದು
ರಸ್ತೆಯ ಹೊಂಗೆ ಮರಕ್ಕೆ ಸುರಿದೆವು.
ಮೊಣಕಾಲವರೆಗೆ ಒದ್ದೆಯಾಗಿ ನಿಂತು
'ಇಷ್ಟೇನಾ ಆಳ?' ಎಂದ.
'ತುಂಬಿದಾಗ ನೋಡಬೇಕು,' ಎಂದೆ.
ಹಲಗೆ ಮುಚ್ಚಲು
ಆ ತುದಿ ಅವನೇ ಹಿಡಿದ.